ಗರ್ಭಿಣಿಯರು ಹೊಟ್ಟೆನೃತ್ಯ ಕಲಿಯಬಹುದೇ? ಕಲಿಸುವವರು ಏನು ತಿಳಿದಿರಬೇಕು?

(ನಮ್ಮ ಹೆರಿಗೆ ವಿಭಾಗದಲ್ಲಿ ಗರ್ಭಿಣಿಯರಿಗಾಗಿ ಹಾಗೂ ಅವರೊಡನೆ ಬಂದವರಿಗಾಗಿ ವೈದ್ಯರು ನೀಡಿದ ಆರೋಗ್ಯ ಉಪನ್ಯಾಸದ ಬರಹರೂಪ)



ಇವತ್ತಿನ ವಿಷಯ ಕೇಳಿ ಕೆಲವರು ಸೆರಗು ಬಾಯಿಗೆ ಹಿಡಿದು ನಗುತ್ತಿದ್ದೀರಿ. ನಗಿರಿ, ತಪ್ಪಿಲ್ಲ. ಆದರೆ ತಪಾಸಣೆಗೆ ಬರುವವರು ಈ ಪ್ರಶ್ನೆಯನ್ನು ಈಗ ನಿಜವಾಗಿಯೇ ಕೇಳುತ್ತಾರೆ. ಕೆಲವರ ಮಗಳು ಹೊರದೇಶದಲ್ಲಿದ್ದಾಳೆ, ಐದು ತಿಂಗಳ ಬಸುರಿ. ಅಲ್ಲಿ ಬಸುರಿಯರಿಗೆಂದೇ ನಡೆಸುವ ಬೆಲ್ಲಿ ಡ್ಯಾನ್ಸ್ ತರಗತಿಗೆ ಸೇರಿದ್ದಾಳೆ. ತಾಯಿಗೆ ಇಲ್ಲಿ ನಿದ್ದೆಯಿಲ್ಲ. ಬಿಡಿಸಬೇಕೋ, ಸುಮ್ಮನಿರಬೇಕೋ ಎಂದು ಕೇಳುತ್ತಾರೆ. ಇನ್ನು ಕೆಲವರು ಮೊಬೈಲಿನಲ್ಲಿ ನೋಡಿಕೊಂಡು, ಯಾರನ್ನೂ ಕೇಳದೆ, ಮನೆಯಲ್ಲಿ ಬಾಗಿಲು ಹಾಕಿಕೊಂಡು ತಾವೇ ಮಾಡುತ್ತಾರೆ. ಮೊದಲನೆಯವರಿಗಿಂತ ಈ ಎರಡನೆಯವರ ಬಗ್ಗೆಯೇ ನಮಗೆ ಚಿಂತೆ ಹೆಚ್ಚು. ಯಾಕೆ ಎಂಬುದು ಮುಂದೆ ತಿಳಿಯುತ್ತದೆ.

ಈ ನೃತ್ಯ ಯಾವುದು?

ಇದು ಈಜಿಪ್ಟ್, ತುರ್ಕಿ, ಲೆಬನಾನ್ ಮುಂತಾದ ನಾಡುಗಳ ನೃತ್ಯ. ಈಜಿಪ್ಟಿನವರು ಇದನ್ನು ‘ರಕ್ಸ್ ಶರ್ಕಿ’ ಎನ್ನುತ್ತಾರೆ. ಪೂರ್ವದೇಶದ ನೃತ್ಯ ಎಂದು ಅರ್ಥ. ಮನೆಗಳಲ್ಲಿ, ಮದುವೆಗಳಲ್ಲಿ ಹೆಣ್ಣುಮಕ್ಕಳು ಕುಣಿಯುವ ಸರಳ ರೂಪಕ್ಕೆ ‘ಬಲದಿ’ ಎಂಬ ಹೆಸರಿದೆ. ನಮ್ಮೂರಿನದು, ನಮ್ಮ ನಾಡಿನದು ಎಂಬಂಥ ಮಾತು ಅದು. ‘ಹೊಟ್ಟೆನೃತ್ಯ’ ಎಂಬುದು ಫ್ರೆಂಚರು ಇಟ್ಟ ಹೆಸರು. 1893ರಲ್ಲಿ ಅಮೆರಿಕದ ಷಿಕಾಗೋ ನಗರದಲ್ಲಿ ದೊಡ್ಡ ವಸ್ತುಪ್ರದರ್ಶನ ನಡೆದ ಮೇಲೆ ಆ ಹೆಸರು ಅಲ್ಲಿಯೂ ಹಬ್ಬಿತು. ನಾವು ಸಿನಿಮಾಗಳಲ್ಲಿ ಕಾಣುವ ವೇಷಭೂಷಣದ ಕುಣಿತ ರಂಗಸ್ಥಳಕ್ಕಾಗಿ ಬೆಳೆದದ್ದು. 1926ರಲ್ಲಿ ಬಾದಿಯಾ ಮಸಾಬ್ನಿ ಎಂಬಾಕೆ ಕೈರೋ ನಗರದಲ್ಲಿ ತೆರೆದ ರಂಗಶಾಲೆಯಂಥ ಜಾಗಗಳಲ್ಲಿ ಅದು ಈಗಿನ ರೂಪ ಪಡೆಯಿತು. ಮನೆಯೊಳಗೆ ಹೆಂಗಸರು ಹೆಂಗಸರ ನಡುವೆ ಕುಣಿಯುವಾಗ ಮೈತುಂಬ ಬಟ್ಟೆಯೇ ಇರುತ್ತದೆ. ಆದ್ದರಿಂದ ಮರ್ಯಾದೆಯ ಪ್ರಶ್ನೆಯನ್ನು ಇಲ್ಲಿಗೇ ಬಿಡೋಣ. ಬಸುರಿಯರ ತರಗತಿಗೆ ಸಡಿಲವಾದ ಹತ್ತಿಯ ಉಡುಪು ಸಾಕು.

ಇನ್ನೊಂದು ಮಾತು. ಈ ನೃತ್ಯ ಹುಟ್ಟಿದ್ದೇ ಸುಲಭ ಹೆರಿಗೆಗಾಗಿ ಎಂದು ಹೇಳುವವರಿದ್ದಾರೆ. ಕೇಳಲು ಚೆನ್ನಾಗಿದೆ, ಆದರೆ ಅದಕ್ಕೆ ಗಟ್ಟಿಯಾದ ಚರಿತ್ರೆಯ ಆಧಾರವಿಲ್ಲ. ನಾವು ಇದನ್ನು ಒಂದು ವ್ಯಾಯಾಮವೆಂದು ಮಾತ್ರ ನೋಡೋಣ. ಇದರ ಮುಖ್ಯ ಚಲನೆಗಳು ಮೂರು: ಸೊಂಟವನ್ನು ವೃತ್ತಾಕಾರವಾಗಿ ತಿರುಗಿಸುವುದು, ಸೊಂಟದಿಂದ ಎಂಟರ ಆಕಾರ ಬರೆಯುವುದು, ಸೊಂಟವನ್ನು ಝಾಡಿಸಿ ನಡುಗಿಸುವುದು. ಮೊದಲ ಎರಡು ಬಸುರಿಯರಿಗೆ ಹೊಂದುತ್ತವೆ. ಮೂರನೆಯದು ಹೊಂದುವುದಿಲ್ಲ.

ಬಸುರಿಯರು ಮೈ ಅಲುಗಾಡಿಸಬಾರದೇ?

ಹಿಂದೆ ವೈದ್ಯರಲ್ಲಿಯೂ ಈ ಹೆದರಿಕೆ ಇತ್ತು. 1985ರಲ್ಲಿ ಅಮೆರಿಕದ ಹೆರಿಗೆ ತಜ್ಞರ ಸಂಸ್ಥೆ, ಬಸುರಿಯ ನಾಡಿಬಡಿತ ನಿಮಿಷಕ್ಕೆ 140 ದಾಟಬಾರದು, ಜೋರಿನ ವ್ಯಾಯಾಮ 15 ನಿಮಿಷ ಮೀರಬಾರದು ಎಂದು ಹೇಳಿತ್ತು. 1994ರಲ್ಲಿ ಅದೇ ಸಂಸ್ಥೆ ಆ ಮಿತಿಯನ್ನು ಕೈಬಿಟ್ಟಿತು. 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು, ತೊಂದರೆಯಿಲ್ಲದ ಬಸುರಿಯರು ವಾರಕ್ಕೆ ಒಟ್ಟು 150 ನಿಮಿಷವಾದರೂ ಹದವಾದ ದೈಹಿಕ ಚಟುವಟಿಕೆ ಮಾಡಬೇಕು ಎಂದು ಹೇಳಿದೆ. ಇದರಿಂದ ತೂಕ ಮಿತಿಮೀರುವುದು, ಬಸುರಿನಲ್ಲಿ ಬರುವ ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡ ಕಡಿಮೆಯಾಗುತ್ತವೆ. ಆರೋಗ್ಯವಂತ ಬಸುರಿಯಲ್ಲಿ ಹದವಾದ ವ್ಯಾಯಾಮದಿಂದ ಗರ್ಭಪಾತವಾಗುತ್ತದೆ ಎಂಬುದಕ್ಕೆ ಆಧಾರವಿಲ್ಲ.

ಹದ ಎಂದರೆ ಎಷ್ಟು? ಅಳೆಯಲು ಯಂತ್ರ ಬೇಡ. ಮಾಡುತ್ತಲೇ ಪಕ್ಕದವರೊಂದಿಗೆ ಪೂರ್ತಿ ಮಾತು ಆಡಲು ಬರಬೇಕು. ಒಂದೆರಡು ಶಬ್ದಕ್ಕೇ ಏದುಸಿರು ಬಂದರೆ ಅದು ಹದ ಮೀರಿದೆ ಎಂದು ತಿಳಿಯಿರಿ.

ಬಸುರಿಯ ಮೈಯಲ್ಲಿ ಏನು ಬದಲಾಗಿರುತ್ತದೆ?

ಕಲಿಸುವವರು ತಿಳಿದಿರಲೇಬೇಕಾದ ಸಂಗತಿ ಇದು.

ಒಂದು, ಕೀಲುಗಳು ಸಡಿಲವಾಗುತ್ತವೆ. ರಿಲ್ಯಾಕ್ಸಿನ್ ಮೊದಲಾದ ರಸದೂತಗಳಿಂದ ಎಲುಬುಗಳನ್ನು ಹಿಡಿದಿರುವ ನಾರುಗಳು ಮೆದುವಾಗುತ್ತವೆ. ಹೆರಿಗೆಗೆ ಇದು ಬೇಕಾದದ್ದೇ. ಆದರೆ ಸೊಂಟವನ್ನು ಝಾಡಿಸಿದರೆ ಅದೇ ಸಡಿಲಿಕೆಯಿಂದ ಕೀಲು ಉಳುಕುತ್ತದೆ. ಮುಂದಿನ ಮೂಳೆಸಂದಿಯಲ್ಲಿ, ಹಿಂದೆ ಬೆನ್ನಿನ ಕೆಳಗೆ ನೋವು ಶುರುವಾಗುತ್ತದೆ.

ಎರಡು, ಮೈಯ ತೂಕ ಮುಂದಕ್ಕೆ ಬರುತ್ತದೆ. ಹೊಟ್ಟೆ ಬೆಳೆದಂತೆ ಬೆನ್ನಿನ ಕೆಳಭಾಗ ಒಳಕ್ಕೆ ಬಾಗುತ್ತದೆ, ಸಮತೋಲ ತಪ್ಪುತ್ತದೆ. ಗಿರಗಿರನೆ ತಿರುಗಿದರೆ ಬೀಳುವ ಸಂಭವ ಹೆಚ್ಚು.

ಮೂರು, ಹೃದಯಕ್ಕೆ ಕೆಲಸ ಹೆಚ್ಚುತ್ತದೆ. ತಿಂಗಳು ತುಂಬುವ ಹೊತ್ತಿಗೆ ಮೈಯಲ್ಲಿ ರಕ್ತದ ಪ್ರಮಾಣ ನೂರಕ್ಕೆ ಸುಮಾರು 40ರಿಂದ 45ರಷ್ಟು ಏರಿರುತ್ತದೆ. ರಕ್ತಹೀನತೆ ಇದ್ದವರಿಗೆ ಸಣ್ಣ ಶ್ರಮಕ್ಕೂ ಎದೆ ಬಡಿದುಕೊಳ್ಳುವುದು ಇದಕ್ಕೇ.

ನಾಲ್ಕು, ಐದು ತಿಂಗಳ ನಂತರ ಅಂಗಾತ ಮಲಗಿದರೆ ಗರ್ಭಕೋಶದ ಭಾರ ಹಿಂದಿರುವ ದೊಡ್ಡ ರಕ್ತನಾಳವನ್ನು ಒತ್ತುತ್ತದೆ. ಆಗ ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗಿ ತಲೆ ತಿರುಗುತ್ತದೆ, ಮಗುವಿಗೆ ಹೋಗುವ ರಕ್ತವೂ ಕಡಿಮೆಯಾಗಬಹುದು.

ಐದು, ಹೊಟ್ಟೆಯ ನಡುಗೆರೆಯಲ್ಲಿ ಎಡ ಬಲದ ಸ್ನಾಯುಗಳು ಪರಸ್ಪರ ದೂರ ಸರಿಯುತ್ತವೆ. ಹೊಟ್ಟೆಯನ್ನು ಬಿಗಿಹಿಡಿದು ಅಲೆಯಂತೆ ಹೊರಳಿಸುವ ಚಲನೆಯಿಂದ ಆ ಸಂದು ಇನ್ನೂ ಹಿಗ್ಗಬಹುದು.

ಯಾರು ಮಾಡಲೇಬಾರದು?

ಇಲ್ಲಿ ಸ್ವಲ್ಪ ಗಮನವಿಟ್ಟು ಕೇಳಿ. ಒಂದೇ ಮನೆಯಲ್ಲಿ ಇಬ್ಬರು ಸೊಸೆಯಂದಿರು, ಇಬ್ಬರೂ ಏಳು ತಿಂಗಳ ಬಸುರಿಯರು ಎಂದು ತಿಳಿಯಿರಿ. ಹಿರಿಯಳಿಗೆ ಮಾಸು ಗರ್ಭಕೋಶದ ಮೇಲ್ಭಾಗದಲ್ಲಿ ಅಂಟಿದೆ, ರಕ್ತ ಚೆನ್ನಾಗಿದೆ, ಬಿ.ಪಿ. ಸರಿಯಾಗಿದೆ. ಅವಳು ದಿನವೂ ನಿಧಾನವಾಗಿ ಸೊಂಟ ತಿರುಗಿಸಿದರೆ ಬೆನ್ನುನೋವು ಕಡಿಮೆಯಾಗಿ ಹಗುರವೆನಿಸುತ್ತದೆ. ಕಿರಿಯಳಿಗೆ ಮಾಸು ಗರ್ಭಕೋಶದ ಬಾಯಿಯ ಮೇಲೆಯೇ ಇದೆ. ನೋಡಲು ಇಬ್ಬರೂ ಒಂದೇ ಥರ, ನೋವು ಇಬ್ಬರಿಗೂ ಇಲ್ಲ. ‘ಅಕ್ಕನಿಗೆ ಒಗ್ಗಿದ್ದು ನಿನಗೇಕೆ ಒಗ್ಗದು’ ಎಂದು ಕಿರಿಯಳನ್ನೂ ಎಬ್ಬಿಸಿ ಕುಣಿಸಿದರೆ, ನೋವಿಲ್ಲದೆಯೇ ಏಕಾಏಕಿ ರಕ್ತ ಹರಿಯಬಹುದು. ಆಗ ಎರಡು ಜೀವಕ್ಕೂ ಅಪಾಯ. ಮಾಸು ಎಲ್ಲಿದೆ ಎಂಬುದು ಸ್ಕ್ಯಾನಿಂಗ್‌ನಲ್ಲಿ ಮಾತ್ರ ತಿಳಿಯುತ್ತದೆ. ಮೊಬೈಲಿನ ವಿಡಿಯೋಕ್ಕೆ ನಿಮ್ಮ ಸ್ಕ್ಯಾನಿಂಗ್ ವರದಿ ಗೊತ್ತಿಲ್ಲ. ಮೊದಲು ಹೇಳಿದ ಚಿಂತೆಗೆ ಕಾರಣ ಇದೇ.

ಈ ಕೆಳಗಿನವರು ಈ ನೃತ್ಯಕ್ಕೆ ಹೋಗಬಾರದು:

* ಬಸುರಿನಲ್ಲಿ ರಕ್ತಸ್ರಾವ ಆಗುತ್ತಿರುವವರು.
* 26 ವಾರ ಕಳೆದರೂ ಮಾಸು ಗರ್ಭಕೋಶದ ಬಾಯಿಗೆ ಅಡ್ಡವಾಗಿ ಇರುವವರು. ಮೊದಲ ತಿಂಗಳುಗಳಲ್ಲಿ ಕೆಳಗೆ ಕಂಡ ಮಾಸು ಗರ್ಭಕೋಶ ಬೆಳೆದಂತೆ ಎಷ್ಟೋ ಜನರಲ್ಲಿ ಮೇಲೆ ಸರಿಯುತ್ತದೆ. ಆದ್ದರಿಂದ ಮರುಸ್ಕ್ಯಾನಿಂಗ್ ತಪ್ಪಿಸಬೇಡಿ.
* ಗರ್ಭಕೋಶದ ಬಾಯಿಗೆ ಹೊಲಿಗೆ ಹಾಕಿಸಿಕೊಂಡವರು, ಬಾಯಿ ಸಡಿಲವೆಂದು ವೈದ್ಯರು ಹೇಳಿದವರು.
* ದಿನ ತುಂಬುವ ಮೊದಲೇ ನೋವು ಬಂದವರು, ನೀರು ಹೋದವರು.
* ಬಸುರಿನ ರಕ್ತದೊತ್ತಡ ಏರಿದವರು.
* ಹೃದಯದ ಅಥವಾ ಶ್ವಾಸಕೋಶದ ದೊಡ್ಡ ಕಾಯಿಲೆ ಇರುವವರು.
* ಅವಳಿ ತ್ರಿವಳಿ ಮಕ್ಕಳಿದ್ದು, ಬೇಗ ಹೆರಿಗೆಯಾಗುವ ಸಂಭವ ಇರುವವರು.
* ತೀವ್ರ ರಕ್ತಹೀನತೆ ಇರುವವರು.

ಈ ಕೊನೆಯದು ನಮ್ಮವರಿಗೆ ಮುಖ್ಯ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಬಸುರಿಯರಲ್ಲಿ ನೂರಕ್ಕೆ 52 ಮಂದಿಗೆ ರಕ್ತಹೀನತೆ ಕಂಡುಬಂದಿದೆ. ಬಸುರಿಯಲ್ಲಿ ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ, 7ಕ್ಕಿಂತ ಕಡಿಮೆ ಇದ್ದರೆ ತೀವ್ರ ರಕ್ತಹೀನತೆ. ನಿಮ್ಮ ತಾಯಿ ಕಾರ್ಡಿನಲ್ಲಿ ಈ ಸಂಖ್ಯೆ ಬರೆದಿರುತ್ತದೆ, ಒಮ್ಮೆ ತೆಗೆದು ನೋಡಿ. ಕಡಿಮೆ ಇದ್ದವರು ಮೊದಲು ಕಬ್ಬಿಣಾಂಶದ ಮಾತ್ರೆ ಸರಿಯಾಗಿ ತೆಗೆದುಕೊಳ್ಳಿ. ವ್ಯಾಯಾಮ ಆಮೇಲೆ.

ಒಳ್ಳೆಯ ಶಿಕ್ಷಕಿ ಹೇಗೆ ಕಲಿಸುತ್ತಾಳೆ?

ನಿಮ್ಮ ಮಗಳು ಹೋಗುವ ತರಗತಿ ಸರಿಯಾದದ್ದೋ ಅಲ್ಲವೋ ಎಂದು ನೀವು ಇಲ್ಲಿಂದಲೇ ತಿಳಿಯಬಹುದು. ಫೋನಿನಲ್ಲಿ ಗದರಿಸುವ ಬದಲು ಈ ಪ್ರಶ್ನೆಗಳನ್ನು ಕೇಳಿ.

ಸೇರಿಸಿಕೊಳ್ಳುವ ಮೊದಲು ವೈದ್ಯರ ಒಪ್ಪಿಗೆ ಕೇಳಿದರೇ? ಎಷ್ಟನೆಯ ವಾರ, ಹಿಂದಿನ ಹೆರಿಗೆ ಹೇಗಾಯಿತು, ಮೊದಲಿನಿಂದ ವ್ಯಾಯಾಮದ ರೂಢಿ ಇತ್ತೇ ಎಂದು ವಿಚಾರಿಸಿದರೇ? ಏನನ್ನೂ ಕೇಳದೆ ಹಣ ಕಟ್ಟಿಸಿಕೊಂಡು ಸಾಲಿನಲ್ಲಿ ನಿಲ್ಲಿಸಿದ್ದರೆ ಆ ತರಗತಿ ಬೇಡ.

ಹೊಸಬರನ್ನೂ ಹಳಬರನ್ನೂ ಬೇರೆಯಾಗಿ ನೋಡುತ್ತಾರೆಯೇ? ಹತ್ತು ವರ್ಷ ಕುಣಿದವಳು ಬಸುರಿಯಾದಾಗ ಅವಳ ಮೈಗೆ ಆ ಚಲನೆಗಳು ಗೊತ್ತಿರುತ್ತವೆ. ಬಸುರಿಯಾದ ಮೇಲೆ ಮೊದಲ ಸಲ ಕಲಿಯುವವಳಿಗೆ ಗೊತ್ತಿರುವುದಿಲ್ಲ. ಅವಳು ಸೊಂಟ ತಿರುಗಿಸಲು ಹೋಗಿ ಬೆನ್ನು ಮುರಿಯುವಂತೆ ಬಾಗಿಸುತ್ತಾಳೆ, ಉಸಿರು ಹಿಡಿಯುತ್ತಾಳೆ. ಆದ್ದರಿಂದ ಹೊಸಬರಿಗೆ ಮೊದಲು 15 ನಿಮಿಷ, ವಾರಕ್ಕೆ ಮೂರು ದಿನ ಸಾಕು. ಒಗ್ಗಿದಂತೆ ನಿಧಾನವಾಗಿ ಅರ್ಧ ಗಂಟೆಗೆ ಏರಿಸಬಹುದು.

ನೆಲ ಜಾರದಂತಿದೆಯೇ? ಗಾಳಿ ಆಡುತ್ತದೆಯೇ? ಕೈಗೆಟುಕುವಂತೆ ಕುರ್ಚಿ, ಕುಡಿಯಲು ನೀರು, ಹತ್ತಿರದಲ್ಲಿ ಶೌಚಾಲಯ ಇವೆಯೇ? ಸೆಖೆಯ ಕೋಣೆಯಲ್ಲಿ ಬಸುರಿಯನ್ನು ಕುಣಿಸಬಾರದು. ಒಬ್ಬೊಬ್ಬರ ಮೊಣಕಾಲು, ಬೆನ್ನು ಕಣ್ಣಿಗೆ ಕಾಣುವಷ್ಟು ಸಣ್ಣ ಗುಂಪು ಇರಬೇಕು.

ಇನ್ನು ಕಲಿಸುವ ಕ್ರಮ. ಮೊದಲು ಐದರಿಂದ ಹತ್ತು ನಿಮಿಷ ಮೆಲ್ಲಗೆ ನಡೆಸಿ, ಭುಜ, ಕತ್ತು, ಕಾಲ್ಗಿಣ್ಣು ಸಡಿಲಿಸಬೇಕು. ಬಳಿಕ ನಿಲ್ಲುವ ಬಗೆ. ಪಾದಗಳ ನಡುವೆ ಸೊಂಟದಗಲ ಅಂತರ, ಎರಡೂ ಪಾದ ಪೂರ್ತಿ ನೆಲಕ್ಕೆ, ಮೊಣಕಾಲು ತುಸು ಬಗ್ಗಿರಬೇಕು. ಬೆನ್ನಿನ ಕೆಳಭಾಗ ಹಿಂದಕ್ಕೆ ಉಬ್ಬದಂತೆ, ಮುಂದಕ್ಕೆ ಕುಸಿಯದಂತೆ ನೆಟ್ಟಗಿರಬೇಕು. ಈ ನಿಲುವು ಬರುವ ತನಕ ಮುಂದಿನ ಪಾಠ ಬೇಡ. ಮೊದಲ ದಿನ ಇಷ್ಟೇ ಕಲಿತು ಬಂದರೂ ಲಾಭವಿದೆ. ಬೆನ್ನುನೋವಿಗೆ ಅರ್ಧ ಔಷಧ ಇದೇ.

ಆಮೇಲೆ ಸೊಂಟದ ಸುತ್ತು. ಬೀಸುವ ಕಲ್ಲಿನ ಮುಂದೆ ಕುಳಿತು ಬೀಸಿದವರಿಗೆ ಮೈ ಸುತ್ತುವ ಆ ಲಯ ಗೊತ್ತು. ಅದೇ ಲಯದಲ್ಲಿ, ನಿಂತುಕೊಂಡು, ಎದೆ ಭುಜ ಕದಲಿಸದೆ ಸೊಂಟವನ್ನಷ್ಟೇ ಬಲಕ್ಕೆ, ಹಿಂದಕ್ಕೆ, ಎಡಕ್ಕೆ, ಮುಂದಕ್ಕೆ ಸಣ್ಣ ವೃತ್ತದಂತೆ ಸುತ್ತಿಸಬೇಕು. ಒಂದು ಸುತ್ತಿಗೆ ಒಂದು ದೀರ್ಘ ಉಸಿರು. ಬಲಕ್ಕೆ ನಾಲ್ಕು, ಎಡಕ್ಕೆ ನಾಲ್ಕು. ಹಿಂದಕ್ಕೆ ಹೋಗುವಾಗ ಬೆನ್ನು ನುಲಿಯಬಾರದು. ಗೋಡೆ ಅಥವಾ ಕುರ್ಚಿಯ ಬೆನ್ನು ಹಿಡಿದುಕೊಂಡರೆ ನಾಚಿಕೆಯೇನಿಲ್ಲ. ಇದು ಬಂದ ಮೇಲೆ ಎಂಟರ ಆಕಾರ, ಅದೂ ನೆಲಕ್ಕೆ ಸಮನಾಗಿ, ನಿಧಾನವಾಗಿ. ಜೊತೆಗೆ ತೋಳುಗಳನ್ನು ಹಾವಿನಂತೆ ಅಲೆಸುವುದು. ಇದರಿಂದ ಭುಜ ಹಗುರಾಗುತ್ತದೆ. ಕೊನೆಗೆ ಐದು ನಿಮಿಷ ವೇಗ ಇಳಿಸುತ್ತ ಬಂದು ಎಡಮಗ್ಗುಲಿಗೆ ಮಲಗಿ ವಿಶ್ರಾಂತಿ.

ಸೊಂಟಕ್ಕೆ ನಾಣ್ಯ ಪೋಣಿಸಿದ ಶಾಲು ಕಟ್ಟುವುದು ಈ ನೃತ್ಯದ ಪದ್ಧತಿ. ಕಟ್ಟುವುದಾದರೆ ಹೊಟ್ಟೆಯ ಕೆಳಗೆ, ಸಡಿಲವಾಗಿ. ಹೊಟ್ಟೆಯ ಮೇಲೆ ಬಿಗಿಯಬಾರದು.

ಇವು ಬೇಡವೇ ಬೇಡ

* ಸೊಂಟವನ್ನು ಝಾಡಿಸಿ ಕೆಳಗಿಳಿಸುವುದು, ಒಂದು ಬದಿಗೆ ಒಮ್ಮೆಲೇ ಎಸೆಯುವುದು, ರಭಸದಿಂದ ನಡುಗಿಸುವುದು.
* ಹೊಟ್ಟೆಯನ್ನು ಅಲೆಯಂತೆ ಹೊರಳಿಸುವುದು, ಉಸಿರು ಹಿಡಿದು ಹೊಟ್ಟೆ ಅದುರಿಸುವುದು.
* ಹಿಂದಕ್ಕೆ ಬಾಗುವುದು, ನಿಂತಲ್ಲಿಂದ ನೆಲಕ್ಕೆ ಬೀಳುವಂತೆ ಇಳಿಯುವುದು.
* ಗಿರಗಿರ ತಿರುಗುವುದು, ಜಿಗಿಯುವುದು, ಒಂಟಿಕಾಲಿನಲ್ಲಿ ನಿಲ್ಲುವುದು.
* ತಲೆಯ ಮೇಲೆ ಕತ್ತಿ, ದೀಪದ ತಟ್ಟೆ ಇಟ್ಟುಕೊಂಡು ಕುಣಿಯುವುದು.
* ಐದು ತಿಂಗಳಾದ ಮೇಲೆ ಅಂಗಾತ ಮಲಗಿ ಮಾಡುವ ಯಾವುದೇ ಚಲನೆ.

ನೋಡಿ, ಸಭಿಕರು ಚಪ್ಪಾಳೆ ತಟ್ಟುವ ಚಲನೆಗಳೆಲ್ಲ ಈ ಪಟ್ಟಿಯಲ್ಲಿವೆ. ಬಸುರಿಯ ತರಗತಿ ಪ್ರದರ್ಶನಕ್ಕಲ್ಲ ಎಂಬುದನ್ನು ಶಿಕ್ಷಕಿಯೂ ಕಲಿಯುವವಳೂ ಮರೆಯಬಾರದು.

ತಕ್ಷಣ ನಿಲ್ಲಿಸಬೇಕಾದ ಸೂಚನೆಗಳು

ರಕ್ತ ಕಂಡರೆ, ನೀರು ಸೋರಿದರೆ, ಹೊಟ್ಟೆ ನೋವು ಬಂದರೆ, ಹೊಟ್ಟೆ ಪದೇ ಪದೇ ಗಟ್ಟಿಯಾಗಿ ನೋಯುತ್ತಿದ್ದರೆ, ಎದೆನೋವು, ತಲೆಸುತ್ತು, ಬಿಡದ ತಲೆನೋವು ಬಂದರೆ, ಶ್ರಮ ಪಡುವ ಮೊದಲೇ ಉಸಿರು ಕಟ್ಟಿದರೆ, ಕಾಲು ಸೋತು ತೋಲ ತಪ್ಪಿದರೆ, ಮೀನಖಂಡ ನೋಯುತ್ತ ಊದಿಕೊಂಡರೆ ಅಲ್ಲಿಗೇ ನಿಲ್ಲಿಸಿ. ವಿಶ್ರಾಂತಿ ತೆಗೆದುಕೊಂಡು ನಾಳೆ ನೋಡೋಣ ಎನ್ನಬೇಡಿ. ಆಸ್ಪತ್ರೆಗೆ ಬನ್ನಿ. ನಮ್ಮ ರಾಜ್ಯದಲ್ಲಿರುವವರು 108ಕ್ಕೆ ಫೋನ್ ಮಾಡಿ. ಮಗುವಿನ ಅಲುಗಾಟ ಕಡಿಮೆಯಾದಂತೆ ಅನಿಸಿದರೂ ಹಾಗೆಯೇ, ಕಾಯಬೇಡಿ.

ಹೆರಿಗೆ ನೋವಿನ ಹೊತ್ತಿಗೆ ಇದರಿಂದ ಉಪಯೋಗವಿದೆಯೇ?

ಇದೆ. 2014ರಲ್ಲಿ ಇರಾನ್ ದೇಶದ ವೈದ್ಯಕೀಯ ತಂಡವೊಂದು 60 ಚೊಚ್ಚಲ ಬಸುರಿಯರ ಅಧ್ಯಯನ ಪ್ರಕಟಿಸಿತು. ನೋವು ಜೋರಾಗುವ ಹಂತದಲ್ಲಿ ಒಂದು ಗುಂಪಿನವರು ನಿಂತು ಸೊಂಟವನ್ನು ಹಿಂದೆ ಮುಂದೆ, ಸುತ್ತಲೂ ಮೆಲ್ಲಗೆ ತೂಗಿದರು. ಜೊತೆಯವರು ಬೆನ್ನು ನೀವಿದರು. ಅವರಿಗೆ ನೋವಿನ ತೀವ್ರತೆ ಕಡಿಮೆಯೆನಿಸಿತು, ಸಮಾಧಾನ ಹೆಚ್ಚಿತ್ತು. ಸಂಖ್ಯೆ ಚಿಕ್ಕದು, ಅದೊಂದರಿಂದಲೇ ತೀರ್ಮಾನ ಮಾಡಲಾಗದು. ಆದರೆ 2013ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟಿಗೆ ನೋಡಿದಾಗ, ಹೆರಿಗೆಯ ಮೊದಲ ಹಂತದಲ್ಲಿ ಮಲಗಿಯೇ ಇದ್ದವರಿಗಿಂತ ಎದ್ದು ಓಡಾಡಿದವರಿಗೆ ಆ ಹಂತ ಸುಮಾರು ಒಂದು ಗಂಟೆ 20 ನಿಮಿಷದಷ್ಟು ಬೇಗ ಮುಗಿಯಿತೆಂದು ಕಂಡುಬಂತು. ತೊಂದರೆಯಿಲ್ಲದ ಹೆರಿಗೆಯಲ್ಲಿ ತಾಯಿಯನ್ನು ಎದ್ದು ಓಡಾಡಲು ಪ್ರೋತ್ಸಾಹಿಸಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆಯೂ 2018ರಲ್ಲಿ ಹೇಳಿದೆ.

ಆದ್ದರಿಂದ ಯಜಮಾನರೆ, ಅತ್ತೆಯವರೆ, ನೋವು ತಿನ್ನುತ್ತಿರುವವಳು ಮಂಚದಿಂದ ಇಳಿದು ಸೊಂಟ ತೂಗಿದರೆ ‘ಸುಮ್ಮನೆ ಮಲಗು’ ಎನ್ನಬೇಡಿ. ದಾದಿಯರನ್ನು ಕೇಳಿ, ಅವರು ಹೂಂ ಎಂದರೆ ಕೈ ಹಿಡಿದು ನಿಲ್ಲಿಸಿ, ಬೆನ್ನು ನೀವಿ. ಅದು ನೀವು ಕೊಡಬಹುದಾದ ದೊಡ್ಡ ಔಷಧ.

ಸಭೆಯಲ್ಲಿ ಬಂದ ಕೆಲವು ಪ್ರಶ್ನೆಗಳು

ಪ್ರಶ್ನೆ: ಸೊಂಟ ತಿರುಗಿಸಿದರೆ ಹೊಕ್ಕುಳಬಳ್ಳಿ ಮಗುವಿನ ಕೊರಳಿಗೆ ಸುತ್ತಿಕೊಳ್ಳುವುದಿಲ್ಲವೇ?
ಉತ್ತರ: ಇಲ್ಲವ್ವ. ನಾಲ್ಕೈದು ಹೆರಿಗೆಗಳಲ್ಲಿ ಒಂದರಲ್ಲಿ ಬಳ್ಳಿ ಕೊರಳಿಗೆ ಸುತ್ತಿಕೊಂಡೇ ಇರುತ್ತದೆ. ಅದು ಮಗು ನೀರಿನಲ್ಲಿ ತಾನೇ ಹೊರಳಾಡುವುದರಿಂದ ಆಗುವುದು, ತಾಯಿಯ ಚಲನೆಯಿಂದಲ್ಲ. ಬಹಳ ಸಲ ಅದರಿಂದ ತೊಂದರೆಯೂ ಇಲ್ಲ. ತಾಯಿ ಕೈ ಮೇಲೆತ್ತಿದಳು, ಬಗ್ಗಿದಳು ಎಂದು ಅವಳನ್ನು ದೂರಬೇಡಿ.

ಪ್ರಶ್ನೆ: ಇದನ್ನು ಕಲಿತರೆ ನಾರ್ಮಲ್ ಹೆರಿಗೆ ಖಂಡಿತವೇ?
ಉತ್ತರ: ಯಾರೂ ಹಾಗೆ ಮಾತು ಕೊಡಲಾಗದು. ಮಾತು ಕೊಡುವ ಶಿಕ್ಷಕಿಯನ್ನು ನಂಬಬೇಡಿ. ಮಗುವಿನ ಎದೆಬಡಿತ ಇಳಿದರೆ, ಮಗು ಅಡ್ಡ ಇದ್ದರೆ ಆಪರೇಷನ್ ಬೇಕಾಗುತ್ತದೆ. ಆಗ ‘ಅಷ್ಟು ದಿನ ಕುಣಿದೆ, ಏನು ಬಂತು’ ಎಂದು ಬಾಣಂತಿಯ ಮನಸ್ಸು ನೋಯಿಸಬೇಡಿ. ಅವಳು ತನ್ನ ಕೈಲಾದದ್ದನ್ನು ಮಾಡಿರುತ್ತಾಳೆ.

ಪ್ರಶ್ನೆ: ನಮ್ಮೂರಲ್ಲಿ ಇಂಥ ತರಗತಿ ಇಲ್ಲ. ನಾವೇನು ಮಾಡಬೇಕು?
ಉತ್ತರ: ಏನೂ ನಷ್ಟವಿಲ್ಲ. ದಿನಕ್ಕೆ ಅರ್ಧ ಗಂಟೆಯ ನಡಿಗೆಯಿಂದ ಬಹುಪಾಲು ಅದೇ ಲಾಭ. ಸೊಂಟದ ಸುತ್ತನ್ನು ತಪಾಸಣೆಗೆ ಬಂದ ದಿನ ನಮ್ಮ ವ್ಯಾಯಾಮ ಚಿಕಿತ್ಸಕರ ಎದುರಿಗೆ ಒಮ್ಮೆ ಮಾಡಿ ತೋರಿಸಿ, ಸರಿ ಎಂದ ಮೇಲೆ ಮನೆಯಲ್ಲಿ ಮಾಡಿ.

ಪ್ರಶ್ನೆ: ಹೆರಿಗೆಯಾದ ಮೇಲೆ ಯಾವಾಗ ಶುರು ಮಾಡಬಹುದು?
ಉತ್ತರ: ಮೆಲ್ಲನೆಯ ನಡಿಗೆ ಮೊದಲಿನಿಂದಲೇ ಒಳ್ಳೆಯದು. ನೃತ್ಯವನ್ನು ಆರು ವಾರದ ತಪಾಸಣೆ ಮುಗಿಸಿ, ಕೇಳಿಕೊಂಡು ಶುರು ಮಾಡಿ. ಆಪರೇಷನ್ ಆದವರು ಇನ್ನೂ ಸ್ವಲ್ಪ ತಡೆಯಬೇಕು.

ತಾಯಂದಿರೆ, ಇಷ್ಟು ಹೊತ್ತು ಹೇಳಿದ್ದರ ಸಾರ ಇಷ್ಟೇ. ನೃತ್ಯ ಯಾವ ದೇಶದ್ದು ಎಂಬುದು ಮುಖ್ಯವಲ್ಲ, ನಿಮ್ಮ ಬಸುರಿಗೆ ಅದು ಹೊಂದುತ್ತದೆಯೇ ಎಂಬುದು ಮುಖ್ಯ. ಮೊದಲು ತಪಾಸಣೆ, ಆಮೇಲೆ ಚಲನೆ. ಮೊದಲು ನಿಲ್ಲುವುದು, ಆಮೇಲೆ ಸುತ್ತುವುದು. ಸೂಚನೆ ಕಂಡರೆ ಆ ಕ್ಷಣವೇ ನಿಲ್ಲಿಸುವುದು. ಮನೆಯ ಹಿರಿಯರು ಹೆದರಿಸುವ ಬದಲು ವಿಚಾರಿಸಿ, ವಿಚಾರಿಸಿದ ಮೇಲೆ ಧೈರ್ಯ ಕೊಡಿ.

ನಿಮ್ಮೆಲ್ಲರಿಗೂ ಸುಖಪ್ರಸವವಾಗಲಿ, ತಾಯಿ ಮಗು ಇಬ್ಬರೂ ನಗುನಗುತ್ತ ಮನೆ ಸೇರಲಿ ಎಂದು ಹಾರೈಸಿ ನನ್ನ ಮಾತು ಮುಗಿಸುತ್ತೇನೆ. ಶರಣು.